ಚಳಿಯಲ್ಲೂ ಹಾರುವ ಚಿಟ್ಟೆ

ಅಕ್ಕಂದಿರೇ, ಬೆಳಗಿನ ಚಳಿಯಲ್ಲಿ ಚಿಟ್ಟೆ ನೋಡಿದ್ದೀರಾ? ಎಲೆಯ ಮೇಲೆ ರೆಕ್ಕೆ ಅಗಲಿಸಿ ಸುಮ್ಮನೆ ಕೂತಿರುತ್ತದೆ. ಪಾಪ, ಸುಸ್ತಾಗಿದೆ ಅಂದುಕೊಳ್ಳುತ್ತೇವೆ. ಸುಸ್ತಲ್ಲ. ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದೆ.

ನಮ್ಮ ಮೈ ಯಾವಾಗಲೂ ಬೆಚ್ಚಗಿರುತ್ತದೆ. ಚಿಟ್ಟೆಗೆ ಹಾಗಿಲ್ಲ. ಗಾಳಿ ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ. ಮೈ ಬಿಸಿ ಸುಮಾರು 30 ಡಿಗ್ರಿಗೆ ಏರಿದರೇನೇ ಅದು ಚೆನ್ನಾಗಿ ಹಾರಬಲ್ಲದು. ಹಾರದಿದ್ದರೆ ಹೂವಿನ ರಸ ಇಲ್ಲ. ಮೊಟ್ಟೆ ಇಡಲು ಜಾಗವೂ ಸಿಗದು.

ಆದರೆ ಒಂದೇ ಜಾತಿಯ ಚಿಟ್ಟೆಗಳಲ್ಲೂ ಕೆಲವು ಚಳಿಯಲ್ಲೇ ಎದ್ದು ಹಾರುತ್ತವೆ. ಕೆಲವು ಬಿಸಿಲೇರುವ ತನಕ ಕಾಯುತ್ತವೆ. ಯಾಕೆ ಹೀಗೆ? ಇದನ್ನು ಚೆನ್ನಾಗಿ ನೋಡಿ ತಿಳಿದದ್ದು ಒಂದು ಚಳಿ ದೇಶದಲ್ಲಿ. ಅದರ ಹೆಸರು ಫಿನ್ಲೆಂಡ್. ಯೂರೋಪಿನ ಉತ್ತರದಲ್ಲಿದೆ.

ಅಲ್ಲಿ ಓಲಂಡ್ ಎಂಬ ದ್ವೀಪಗಳಿವೆ. ದ್ವೀಪ ಅಂದರೆ ಸುತ್ತಲೂ ನೀರಿರುವ ನೆಲ. ಅಲ್ಲಿ ಸುಮಾರು 4000 ಸಣ್ಣ ಸಣ್ಣ ಹುಲ್ಲುಗಾವಲುಗಳು. ಅವುಗಳಲ್ಲಿ ಕೆಲವು ಕಡೆ ಮಾತ್ರ ಒಂದು ಕಿತ್ತಳೆ ಬಣ್ಣದ ಚಿಟ್ಟೆ ವಾಸ ಮಾಡುತ್ತದೆ. ಹೆಸರು ಗ್ಲಾನ್‌ವಿಲ್ ಚಿಟ್ಟೆ. ಇದು ಒಬ್ಬ ಹೆಂಗಸಿನ ಹೆಸರು ಕಣ್ರೀ! ಎಲಿನಾರ್ ಗ್ಲಾನ್‌ವಿಲ್ ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದಳು. ಚಿಟ್ಟೆ ಹಿಡಿದು ಸಂಗ್ರಹಿಸುತ್ತಿದ್ದಳು. ಅವಳು ಸತ್ತ ಮೇಲೆ, ಅವಳಿಗೆ ಬುದ್ಧಿ ಸರಿ ಇರಲಿಲ್ಲ ಎಂದು ಹೇಳಿ ಅವಳ ಉಯಿಲಿನ ಮೇಲೆ ಮನೆಯವರೇ ತಕರಾರು ತೆಗೆದರು.

ಈ ಚಿಟ್ಟೆ ಜೂನ್ ತಿಂಗಳಲ್ಲಿ ಹಾರುತ್ತದೆ. ಹೆಣ್ಣು ಒಂದೇ ಕಡೆ ನೂರಾರು ಮೊಟ್ಟೆ ಗೊಂಚಲಾಗಿ ಇಡುತ್ತದೆ. ನಮ್ಮ ರೇಷ್ಮೆ ಹುಳು ಒಂದೊಂದೂ ತನಗೆ ಬೇರೆ ಗೂಡು ಕಟ್ಟಿಕೊಳ್ಳುತ್ತದೆ. ಈ ಚಿಟ್ಟೆಯ ಮರಿಹುಳುಗಳು ಹಾಗಲ್ಲ. ಇಡೀ ಬಳಗಕ್ಕೆ ಒಂದೇ ನೂಲಿನ ಮನೆ. ಚಳಿಗಾಲವೆಲ್ಲ ಅದರೊಳಗೆ ಒತ್ತಿಕೊಂಡು ಮಲಗುತ್ತವೆ. ಬಳಗ ದೊಡ್ಡದಿದ್ದರೆ ಬದುಕುವುದು ಹೆಚ್ಚು. ನಾಲ್ಕೇ ಹುಳು ಇದ್ದರೆ ಕಷ್ಟ.

ಇಲ್ಕಾ ಹಾನ್ಸ್ಕಿ ಎಂಬ ವಿಜ್ಞಾನಿ ಈ ಚಿಟ್ಟೆಗಳ ಲೆಕ್ಕ ಇಡಲು ಶುರು ಮಾಡಿದರು. 1993ರಿಂದ ಪ್ರತಿ ವರ್ಷ ವಿದ್ಯಾರ್ಥಿಗಳು ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಈ ಗೂಡು ಹುಡುಕಿದರು. ಅವರ ಜೊತೆಗೆ ಕೆಲಸ ಮಾಡಿದ ವಿಜ್ಞಾನಿ ಮಾರ್ಯೊ ಸಾಸ್ತಾಮೊಯ್ನೆನ್. ಈಕೆ ಹೆಂಗಸು. ಹೆಸರು ಉದ್ದ. ನಿಧಾನವಾಗಿ ಬಿಡಿಸಿ ಓದಿ, ಬರುತ್ತದೆ.

ಮಗಳಿಗೆ ಅಮ್ಮನ ಮೂಗು, ಅಪ್ಪನ ಗುಂಗುರು ಕೂದಲು ಬರುತ್ತದಲ್ಲ? ಹೀಗೆ ಗುಣಗಳನ್ನು ಹೊತ್ತು ತರುವುದಕ್ಕೆ ಜೀನ್ ಅನ್ನುತ್ತಾರೆ. ಕನ್ನಡದಲ್ಲಿ ವಂಶವಾಹಿ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಚಿಟ್ಟೆಗೂ ಅಷ್ಟೇ.

ಚಿಟ್ಟೆ ಹೂವಿನ ಸಿಹಿ ರಸ ಕುಡಿಯುತ್ತದೆ. ಒಲೆಯಲ್ಲಿ ಸೌದೆ ಉರಿದ ಹಾಗೆ ಮೈಯೊಳಗೆ ಆ ಸಿಹಿ ಕರಗಿ ಶಕ್ತಿ ಬರುತ್ತದೆ. ಈ ಕೆಲಸಕ್ಕೆ ನೆರವಾಗುವ ಒಂದು ವಂಶವಾಹಿಯ ಹೆಸರು ಪಿ.ಜಿ.ಐ. ಅದರಲ್ಲಿ ಹಲವು ಬಗೆ. ಒಂದು ಬಗೆ ಇರುವ ಚಿಟ್ಟೆಯ ಒಲೆ ಚಳಿಯಲ್ಲೂ ಬೇಗ ಹತ್ತಿಕೊಳ್ಳುತ್ತದೆ ಅನ್ನಬಹುದು.

ಆ ಬಗೆಯ ಹೆಣ್ಣು ಚಿಟ್ಟೆ ಬೆಳಿಗ್ಗೆ ಬೇಗ ಹಾರುತ್ತದೆ. ದಿನದಲ್ಲಿ ಬೇಗ ಮೊಟ್ಟೆ ಇಡುತ್ತದೆ. ಮೊಟ್ಟೆಯ ಗೊಂಚಲೂ ದೊಡ್ಡದು. ಬಳಗ ದೊಡ್ಡದಾದರೆ ಏನಾಗುತ್ತದೆ ಅಂತ ಈಗಾಗಲೇ ಓದಿದ್ದೀರಿ. ಇದು 2008ರಲ್ಲಿ ತಿಳಿದು ಬಂತು. ಮರುವರ್ಷ ಇನ್ನೊಂದು ವಿಷಯ ಗೊತ್ತಾಯಿತು. ಚಿಟ್ಟೆಯ ಬೆನ್ನಿಗೆ ತೀರಾ ಹಗುರವಾದ ತಂತಿ ಅಂಟಿಸಿ ರೇಡಾರಿನಿಂದ ನೋಡಿದರು. ತಂಪು ಹೊತ್ತಿನಲ್ಲಿ ಈ ಬಗೆಯ ಚಿಟ್ಟೆಗಳೇ ಹೆಚ್ಚು ದೂರ ಹೋಗುತ್ತಿದ್ದವು.

ಹಾಗಾದರೆ ಉಳಿದವು ದಡ್ಡವೇ? ಅಲ್ಲ. ಬಿಸಿಲು ಚೆನ್ನಾಗಿದ್ದಾಗ ಅವೂ ಹಿಂದೆ ಬೀಳುವುದಿಲ್ಲ. ಅದಕ್ಕೇ ಎರಡೂ ಬಗೆ ಉಳಿದಿವೆ.

ದೂರದ, ಹೊಸದಾಗಿ ನೆಲೆಯಾದ ಹುಲ್ಲುಗಾವಲಿನಲ್ಲಿ ಮಾತ್ರ ಚಳಿಗೆ ಹಾರುವ ಬಗೆ ಹೆಚ್ಚು ಸಿಕ್ಕಿತು. 2018ರ ಬೇಸಿಗೆಯಲ್ಲಿ ಓಲಂಡಿಗೆ ಬರ ಬಂತು. ಮರಿಹುಳು ತಿನ್ನುವ ಗಿಡ ಒಣಗಿತು. ಗೂಡುಗಳ ಸಂಖ್ಯೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಹೀಗೆ ಖಾಲಿಯಾದ ಜಾಗಕ್ಕೆ ಮತ್ತೆ ಚಿಟ್ಟೆ ಬರಬೇಕಾದರೆ, ಬೇರೆ ಕಡೆಯಿಂದ ಮೊಟ್ಟೆ ಹೊತ್ತ ಒಂದು ಹೆಣ್ಣು ಹಾರಿ ಬರಬೇಕು.

ಮಾತಾಡಿ: ಚಳಿಯಲ್ಲಿ ಚಿಟ್ಟೆ ರೆಕ್ಕೆ ಅಗಲಿಸಿ ಕೂರುವುದು ಯಾಕೆ? ನಿಮ್ಮ ಮನೆಯಲ್ಲಿ ಯಾರ ಗುಣ ಯಾರಿಗೆ ಬಂದಿದೆ?