ಕಾಂಕ್ರೀಟು ಬ್ಲಾಕುಗಳ ತಯಾರಿಕೆಯಲ್ಲಿ ಯಂತ್ರದ ಪ್ರಯೋಜನ

ಅನ್ನ, ಬಟ್ಟೆ, ವಸತಿ – ಇವು ಮಾನವನ ಮೂಲಭೂತ ಅವಶ್ಯಕತೆಗಳೆಂದು ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ಓದುತ್ತೇವೆ. ಇವುಗಳಲ್ಲಿ ಮೊದಲೆರಡನ್ನು ಕೊಳ್ಳುವಾಗ ಒಮ್ಮೆ ಮೋಸಹೋದರೆ ಮತ್ತೊಮ್ಮೆ ಎಚ್ಚರ ವಹಿಸಬಹುದು. ವಸತಿಯ ಮಾತು ಹಾಗಲ್ಲ. ಸಾಮಾನ್ಯ ಗೃಹಸ್ಥನು ತನ್ನ ಜೀವಮಾನದಲ್ಲಿ ಕಟ್ಟುವುದು ಒಂದೇ ಮನೆ. ಅದೂ ವರ್ಷಗಟ್ಟಲೆ ಕೂಡಿಟ್ಟ ಹಣದಿಂದ, ಸಾಲದಿಂದ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಗೋಡೆಗೆ ಗಾರೆ ಮೆತ್ತಿ ಸುಣ್ಣ ಬಳಿದ ಮೇಲೆ ಅದರೊಳಗಿರುವ ಬ್ಲಾಕು ಗಟ್ಟಿಯೋ ಜಳ್ಳೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಬಿರುಕು ಬಿಟ್ಟಾಗ ತಿಳಿಯುತ್ತದೆ. ಆಗ ತಿಳಿದು ಪ್ರಯೋಜನವಿಲ್ಲ. ಆದುದರಿಂದ ಈ ಬ್ಲಾಕು ಹೇಗೆ ತಯಾರಾಗುತ್ತದೆ, ಅದರಲ್ಲಿ ಯಂತ್ರದ ಪಾತ್ರವೇನು ಎಂಬ ವಿಚಾರ ಇಂಜಿನಿಯರುಗಳಿಗೆ ಮಾತ್ರ ಮೀಸಲಾದುದಲ್ಲ. ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವೂ ಅದನ್ನು ತಿಳಿದಿರುವುದು ಒಳ್ಳೆಯದು.

ಬ್ಲಾಕು ಎಂದರೇನು?

ಸಿಮೆಂಟು, ಮರಳು ಅಥವಾ ಕಲ್ಲುಪುಡಿ, ಸಣ್ಣ ಜಲ್ಲಿ, ನೀರು – ಇವನ್ನು ಕಲಸಿ ಅಚ್ಚಿಗೆ ಹಾಕಿ ತೆಗೆದ ದೊಡ್ಡ ಇಟ್ಟಿಗೆಯೇ ಕಾಂಕ್ರೀಟು ಬ್ಲಾಕು. ಇದರಲ್ಲಿ ಟೊಳ್ಳು ಬ್ಲಾಕು, ಗಟ್ಟಿ ಬ್ಲಾಕು ಎಂದು ಎರಡು ಬಗೆ. ಭಾರತೀಯ ಮಾನಕ ಸಂಸ್ಥೆಯು ಇವುಗಳ ಗುಣಮಟ್ಟವನ್ನು ಐ.ಎಸ್. 2185 ಎಂಬ ಮಾನಕದಲ್ಲಿ ಗೊತ್ತುಪಡಿಸಿತು. 1979ರಲ್ಲಿಯೂ 2005ರಲ್ಲಿಯೂ ಅದನ್ನು ಪರಿಷ್ಕರಿಸಲಾಯಿತು. ಬಹು ಬಳಕೆಯ ಟೊಳ್ಳು ಬ್ಲಾಕಿನ ಅಳತೆ, ಗಾರೆಯ ಸಂದನ್ನೂ ಸೇರಿಸಿ, 400 ಮಿ.ಮೀ. ಉದ್ದ, 200 ಮಿ.ಮೀ. ಅಗಲ, 200 ಮಿ.ಮೀ. ಎತ್ತರ. ಇಂತಹ ಒಂದು ಬ್ಲಾಕು 200×100×100 ಮಿ.ಮೀ. ಲೆಕ್ಕದ ಎಂಟು ಇಟ್ಟಿಗೆಗಳ ಜಾಗವನ್ನು ತುಂಬುತ್ತದೆ.

ಸುಟ್ಟ ಇಟ್ಟಿಗೆಗೆ ಹೊಲದ ಮೇಲ್ಮಣ್ಣೋ ಕೆರೆಯ ಗೋಡುಮಣ್ಣೋ ಬೇಕು. ಗೂಡಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ಬ್ಲಾಕಿಗೆ ಬೆಂಕಿ ಬೇಡ. ಅದು ನೀರಿನಿಂದಲೇ ಗಟ್ಟಿಯಾಗುತ್ತದೆ. ಆದರೆ ಅದರೊಳಗಿನ ಸಿಮೆಂಟು ಮಾತ್ರ ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೆಂದು ಬಂದುದು. ಆದ್ದರಿಂದ ಸಿಮೆಂಟನ್ನು ಮಿತವಾಗಿ ಬಳಸಿ ಹೆಚ್ಚು ಬಲವನ್ನು ಪಡೆಯುವುದೇ ಜಾಣತನ. ಯಂತ್ರದ ಮಹತ್ವ ಇಲ್ಲಿಂದಲೇ ಆರಂಭವಾಗುತ್ತದೆ.

ಯಂತ್ರದ ಪೂರ್ವಚರಿತ್ರೆ

ಆರಂಭದಲ್ಲಿ ಬ್ಲಾಕುಗಳನ್ನು ಮರದ ಅಚ್ಚಿನಲ್ಲಿ ಹಾಕಿ ಕೈಯಿಂದಲೇ ಕುಟ್ಟಿ ಮಾಡುತ್ತಿದ್ದರು. ಅಮೆರಿಕದ ಹಾರ್ಮನ್ ಪಾಮರ್ ಎಂಬುವನು ಒಳಗಿನ ತಿರುಳನ್ನು ಹೊರಕ್ಕೆಳೆಯಬಹುದಾದ ಎರಕದ ಕಬ್ಬಿಣದ ಅಚ್ಚುಯಂತ್ರಕ್ಕೆ 1900ರಲ್ಲಿ ಪೇಟೆಂಟ್ ಪಡೆದನು. ಟೊಳ್ಳು ಬ್ಲಾಕು ವ್ಯಾಪಾರದ ವಸ್ತುವಾದುದು ಅಂದಿನಿಂದ. ಮಿಷಿಗನ್ ಪ್ರಾಂತದ ಅಲ್ಪೀನಾ ಎಂಬ ಊರಿನಲ್ಲಿ ಜೆಸ್ಸಿ ಬೆಸ್ಸರ್ ತನ್ನ ತಂದೆಯೊಡಗೂಡಿ 1904ರಲ್ಲಿ ಕೈಯಿಂದ ಕುಟ್ಟುವ ಯಂತ್ರವನ್ನು ನಿರ್ಮಿಸಿದನು. ಕುಟ್ಟುವುದಕ್ಕೆ ಬದಲು ನಡುಗಿಸುವ, ಅಂದರೆ ಕಂಪನದ ಯಂತ್ರಗಳು ಬಂದುದು ಆ ಬಳಿಕ. ಮೊದಲಿನ ಕೈಕುಟ್ಟಿನ ಕಾಲದಲ್ಲಿ ಗಂಟೆಗೆ ಹತ್ತು ಬ್ಲಾಕು ತೆಗೆದರೆ ಹೆಚ್ಚು. ಇಂದಿನ ದೊಡ್ಡ ಸ್ವಯಂಚಾಲಿತ ಯಂತ್ರಗಳು ಗಂಟೆಗೆ ಎರಡು ಸಾವಿರದವರೆಗೂ ತೆಗೆಯಬಲ್ಲವು.

ವೇಗವು ಯಂತ್ರದ ಒಂದು ಪ್ರಯೋಜನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ದೊಡ್ಡ ಪ್ರಯೋಜನವೆಂದು ತಿಳಿಯುವುದು ತಪ್ಪು. ಕೆಟ್ಟ ಬ್ಲಾಕನ್ನು ವೇಗವಾಗಿ ಮಾಡುವುದರಿಂದ ಯಾರಿಗೂ ಲಾಭವಿಲ್ಲ.

ನೀರಿನ ಇಕ್ಕಟ್ಟು

ಕಾಂಕ್ರೀಟಿನ ಬಲ ಅದರ ನೀರನ್ನು ಅವಲಂಬಿಸಿದೆ. ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವ ನೀರು ಅದರ ತೂಕದ ಸುಮಾರು ಕಾಲುಭಾಗದಷ್ಟು ಮಾತ್ರ. ಅದಕ್ಕಿಂತ ಬಹಳ ಹೆಚ್ಚಾಗಿ ಹಾಕಿದ ನೀರು ಕಾಲಕ್ರಮದಲ್ಲಿ ಆರಿಹೋಗಿ ತಾನಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಸರಿಯಾಗಿ ಅಡಕಗೊಂಡ ಕಾಂಕ್ರೀಟಿನಲ್ಲಿ ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆಂಬ ನಿಯಮವನ್ನು ಡಫ್ ಏಬ್ರಮ್ಸ್ ಎಂಬ ಅಮೆರಿಕದ ವಿಜ್ಞಾನಿ 1918ರಲ್ಲಿ ಪ್ರಕಟಿಸಿದನು.

ಹಾಗಾದರೆ ನೀರನ್ನು ಕಡಿಮೆ ಮಾಡಿದರೆ ಸಾಲದೆ? ಸಾಲದು. ನೀರು ಕಡಿಮೆಯಾದ ಮಿಶ್ರಣ ಉದುರು ಉದುರಾಗಿರುತ್ತದೆ. ಮುಷ್ಟಿಯಲ್ಲಿ ಅದುಮಿದರೆ ಉಂಡೆಯಾಗುತ್ತದೆ. ಅಂಗೈಗೆ ನೀರು ಹತ್ತುವುದಿಲ್ಲ. ಬ್ಲಾಕಿಗೆ ಬೇಕಾದ ಹದ ಇದೇ. ಏಕೆಂದರೆ ಅಚ್ಚನ್ನು ಒಡನೆಯೇ ಎತ್ತಿದರೂ ಬ್ಲಾಕು ಕುಸಿಯದೆ ನಿಲ್ಲಬೇಕು. ಆದರೆ ಇಂತಹ ಉದುರು ಮಿಶ್ರಣದಲ್ಲಿ ಜಲ್ಲಿ ಜಲ್ಲಿಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಶೇಕಡ 5ರಷ್ಟು ಗಾಳಿ ಉಳಿದರೆ ಬಲದಲ್ಲಿ ಶೇಕಡ 30ರಷ್ಟು ನಷ್ಟವಾಗುತ್ತದೆ. ಶೇಕಡ 2ರಷ್ಟು ಉಳಿದರೂ ಹತ್ತರಲ್ಲೊಂದು ಪಾಲು ಹೋಗುತ್ತದೆ.

ಕೈಯಿಂದ ಬ್ಲಾಕು ಮಾಡುವವನ ಇಕ್ಕಟ್ಟು ಇದೇ. ಸರಿಯಾದ ಹದದಲ್ಲಿ ಕಲಸಿದರೆ ಎರಡು ಮೂರು ಅಂಗುಲದ ಪದರಗಳಾಗಿ ತುಂಬಿ, ಪ್ರತಿಯೊಂದು ಪದರವನ್ನೂ ದಮ್ಮಸಿನಿಂದ ಬಲವಾಗಿ ಕುಟ್ಟಬೇಕು. ಬೆಳಗಿನ ಹತ್ತು ಬ್ಲಾಕುಗಳಿಗೆ ಅವನ ತೋಳು ಸಹಕರಿಸೀತು. ಮಧ್ಯಾಹ್ನದ ಬಿಸಿಲಿನಲ್ಲಿ ಐವತ್ತನೆಯ ಬ್ಲಾಕಿಗೆ ಅದೇ ಪೆಟ್ಟು ಬೀಳುವುದೆಂದು ನಿರೀಕ್ಷಿಸುವುದು ಅನ್ಯಾಯ. ಆಗ ಅವನು ಒಂದು ಚೊಂಬು ನೀರು ಹೆಚ್ಚಿಗೆ ಸುರಿಯುತ್ತಾನೆ. ಕೆಲಸ ಹಗುರವಾಗುತ್ತದೆ, ಬ್ಲಾಕೂ ದುರ್ಬಲವಾಗುತ್ತದೆ. ಇದು ಅವನ ಸೋಮಾರಿತನವಲ್ಲ. ಮನುಷ್ಯ ದೇಹದ ಮಿತಿ.

ಯಂತ್ರವು ಈ ಇಕ್ಕಟ್ಟನ್ನು ಕಂಪನದಿಂದ ಬಿಡಿಸುತ್ತದೆ. ಸೇರಿನಲ್ಲಿ ಭತ್ತ ಅಳೆಯುವುದನ್ನು ನೋಡಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ತುಂಬಿದ ಸೇರನ್ನು ಒಮ್ಮೆ ಅಲುಗಿಸಿದರೆ ಕಾಳು ತಳಕ್ಕಿಳಿದು ಇನ್ನೊಂದು ಹಿಡಿ ಹಿಡಿಸುತ್ತದೆ. ಹಾಗೆಯೇ ಅಚ್ಚು ನಿಮಿಷಕ್ಕೆ ಸಾವಿರಾರು ಸಲ ನಡುಗಿದಾಗ ಜಲ್ಲಿ, ಮರಳು, ಸಿಮೆಂಟಿನ ಕಣಗಳು ಒಂದರ ಸಂದಿಗೆ ಒಂದು ಜಾರಿ ಕುಳಿತುಕೊಳ್ಳುತ್ತವೆ, ಗಾಳಿ ಹೊರಬೀಳುತ್ತದೆ, ಮೇಲಿನಿಂದ ಒತ್ತುಹಲಗೆ ಅದುಮುತ್ತದೆ. ಕೆಲವೇ ಕ್ಷಣಗಳಲ್ಲಿ ಅಚ್ಚು ಮೇಲೇರಿ ಬ್ಲಾಕು ನಿಲ್ಲುತ್ತದೆ. ನೆಲದ ಮೇಲೆ ಬ್ಲಾಕುಗಳನ್ನಿಟ್ಟು ತಾನೇ ಮುಂದಕ್ಕೆ ಉರುಳುವ ಯಂತ್ರವೂ ಉಂಟು. ಅದನ್ನು ತಮಾಷೆಯಾಗಿ 'ಮೊಟ್ಟೆ ಇಡುವ ಯಂತ್ರ'ವೆಂದೇ ಕರೆಯುತ್ತಾರೆ. ಕಡಿಮೆ ನೀರು, ಕಡಿಮೆ ಗಾಳಿ – ಇವೆರಡೂ ಒಟ್ಟಿಗೆ ಸಾಧ್ಯವಾದುದರಿಂದ ಅಷ್ಟೇ ಸಿಮೆಂಟಿಗೆ ಹೆಚ್ಚು ಬಲ ದೊರೆಯುತ್ತದೆ.

ಸಮತೆಯೇ ಮುಖ್ಯ ಗುಣ

ಇದಕ್ಕಿಂತಲೂ ಮಹತ್ವದ ಪ್ರಯೋಜನವೆಂದರೆ ಸಮತೆ. ಗಟ್ಟಿ ಬ್ಲಾಕಿನ ಒಂದು ದರ್ಜೆಗೆ ಎಂಟು ಬ್ಲಾಕುಗಳ ಸರಾಸರಿ ಬಲ ಚದರ ಮಿಲಿಮೀಟರಿಗೆ 4 ನ್ಯೂಟನ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋಗ್ರಾಂ ಭಾರವನ್ನು ತಾಳುವಷ್ಟು ಇರಬೇಕೆಂದು ಮಾನಕವು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಅವುಗಳಲ್ಲಿ ಯಾವ ಒಂದು ಬ್ಲಾಕೂ 3.2ಕ್ಕಿಂತ ಕೆಳಗಿಳಿಯಬಾರದೆಂದೂ ವಿಧಿಸುತ್ತದೆ. ಈ ಎರಡನೆಯ ನಿಬಂಧನೆ ಏಕೆ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬನ ಎಂಟು ಬ್ಲಾಕುಗಳ ಬಲ ಅನುಕ್ರಮವಾಗಿ 6.4, 2.6, 5.1, 3.9, 4.8, 2.9, 5.6, 3.5 ಎಂದಿರಲಿ. ಇನ್ನೊಬ್ಬನದು 4.2, 4.5, 4.1, 4.6, 4.3, 4.4, 4.2, 4.5 ಎಂದಿರಲಿ. ಕೂಡಿ ನೋಡಿದರೆ ಎರಡರ ಮೊತ್ತವೂ 34.8, ಸರಾಸರಿಯೂ ಒಂದೇ, 4.35. ಅತ್ಯಂತ ಬಲವಾದ ಬ್ಲಾಕು ಮೊದಲನೆಯವನದೇ! ಆದರೂ ಅವನ ಬ್ಲಾಕುಗಳು ಅನುತ್ತೀರ್ಣ, 2.6 ಮತ್ತು 2.9ರ ಎರಡು ಬ್ಲಾಕುಗಳು ಅವನನ್ನು ಕೆಡಿಸಿದವು. ಗೋಡೆಯು ಸರಾಸರಿಯ ಮೇಲೆ ನಿಂತಿರುವುದಿಲ್ಲ. ತೊಲೆಯ ಭಾರ ಎಲ್ಲಿ ಇಳಿಯುತ್ತದೆಯೋ ಅಲ್ಲಿ ಯಾವ ಬ್ಲಾಕು ಕುಳಿತಿದೆಯೋ ಅದರ ಮೇಲೆ ನಿಂತಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಸರಾಸರಿಯ ಜೊತೆಗೆ ವಿಚಲನೆಯನ್ನೂ ಏಕೆ ಲೆಕ್ಕ ಮಾಡಬೇಕೆಂದು ಕೇಳುವ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಒಳ್ಳೆಯ ಕೈಕೆಲಸಗಾರನು ಯಂತ್ರದ ಬ್ಲಾಕಿಗಿಂತ ಉತ್ತಮವಾದ ಒಂದು ಬ್ಲಾಕನ್ನು ಖಂಡಿತ ಮಾಡಬಲ್ಲ. ಅದೇ ಬ್ಲಾಕನ್ನು ಸಾವಿರ ಸಲ ಮಾಡಲು ಮಾತ್ರ ಅವನಿಂದಾಗದು. ಅಳತೆ ಮಾಡಿದ ಮಿಶ್ರಣ, ಅಷ್ಟೇ ಹೊತ್ತಿನ ಕಂಪನ, ಅಷ್ಟೇ ಒತ್ತಡ – ಇವನ್ನು ಬೇಸರವಿಲ್ಲದೆ ಪುನರಾವರ್ತಿಸುವುದು ಯಂತ್ರದ ಸ್ವಭಾವ.

ಮಿತವ್ಯಯ

ಸಮತೆಯು ಅಳತೆಗೂ ಅನ್ವಯಿಸುತ್ತದೆ. ಮಾನಕದ ಪ್ರಕಾರ ಬ್ಲಾಕಿನ ಉದ್ದದಲ್ಲಿ 5 ಮಿ.ಮೀ., ಎತ್ತರ ಅಗಲಗಳಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರಕೂಡದು. ಅಂಚು ನೇರವಾಗಿದ್ದರೆ ಮೇಸ್ತ್ರಿಯ ಕೆಲಸ ನೂಲು ಹಿಡಿದಂತೆ ಸಾಗುತ್ತದೆ. ಅಂಕುಡೊಂಕಾದ ಬ್ಲಾಕುಗಳ ಗೋಡೆಯನ್ನು ಸಮ ಮಾಡಲು ಗಾರೆಯನ್ನೇ ದಪ್ಪಗೆ ಮೆತ್ತಬೇಕು. ನೂರು ಚದರ ಮೀಟರು ಗೋಡೆಗೆ ಕೇವಲ 5 ಮಿ.ಮೀ. ಹೆಚ್ಚು ಗಾರೆಯಾದರೂ ಅರ್ಧ ಘನ ಮೀಟರು ಗಾರೆ ವೃಥಾ ವ್ಯಯ. ಬ್ಲಾಕಿನ ಬೆಲೆಯಲ್ಲಿ ಉಳಿಸಿದ ಹಣ ಹೀಗೆ ಸಿಮೆಂಟಿನ ಚೀಲದಲ್ಲಿ ಹೋಗಿಬಿಡುತ್ತದೆ.

ಟೊಳ್ಳು ಬ್ಲಾಕಿನಲ್ಲಿ ಉಳಿತಾಯ ಇನ್ನೂ ಹೆಚ್ಚು. ಅದರ ಒಟ್ಟು ಗಾತ್ರದಲ್ಲಿ ಶೇಕಡ 50ರಿಂದ 75ರಷ್ಟು ಮಾತ್ರ ಕಾಂಕ್ರೀಟು, ಉಳಿದುದು ಬಯಲು. ಭಾರ ತಗ್ಗುವುದರಿಂದ ತಳಪಾಯದ ಮೇಲಿನ ಹೊರೆ ಇಳಿಯುತ್ತದೆ. ಒಳಗಿನ ಗಾಳಿ ಬಿಸಿಲಿನ ಶಾಖವನ್ನು ತಡೆಯುತ್ತದೆ. ಬೇಕಾದೆಡೆ ಆ ರಂಧ್ರದಲ್ಲಿ ಕಬ್ಬಿಣದ ಸಲಾಕೆ ಇಳಿಸಿ ಕಾಂಕ್ರೀಟು ತುಂಬಬಹುದು. ಆದರೆ ಒಂದಂಗುಲಕ್ಕೆ ತುಸು ಹೆಚ್ಚು ದಪ್ಪದ ಅದರ ಪಕ್ಕಗಳನ್ನು ಕೈಯಿಂದ ಕುಟ್ಟಿ ಸಮನಾಗಿ ತುಂಬುವುದು ಬಹು ಕಷ್ಟ. ಯಂತ್ರಕ್ಕೆ ಅದು ಸಲೀಸು.

ಯಂತ್ರ ಮಾಡಲಾರದ ಕೆಲಸ

ಇಷ್ಟು ಹೊಗಳಿದ ಮೇಲೆ ಯಂತ್ರದ ಮಿತಿಯನ್ನೂ ಹೇಳುವುದು ನ್ಯಾಯ. ಯಂತ್ರವು ಬ್ಲಾಕಿಗೆ ಆಕಾರ ಕೊಡುತ್ತದೆ. ಬಲ ಕೊಡುವುದು ನೀರು ಮತ್ತು ಕಾಲ. ಅಚ್ಚಿನಿಂದ ತೆಗೆದ ಬ್ಲಾಕನ್ನು ಕನಿಷ್ಠ 14 ದಿನ ಸತತವಾಗಿ ತೇವದಲ್ಲಿಡಬೇಕು. ಆಮೇಲೆ ನಾಲ್ಕು ವಾರ ಆರಬಿಡಬೇಕು. ಚೆನ್ನಾಗಿ ಆರದ ಬ್ಲಾಕು ಗೋಡೆಯಲ್ಲಿ ಕುಳಿತ ಮೇಲೆ ಕುಗ್ಗಿ ಬಿರುಕಿಗೆ ಕಾರಣವಾಗುತ್ತದೆ. ಸರಾಗವಾಗಿ ಸಾವಿರಗಟ್ಟಲೆ ಬ್ಲಾಕು ತೆಗೆಯುವ ಮಾಲೀಕನಿಗೆ ಅವನ್ನು ಆರು ವಾರ ಇಟ್ಟುಕೊಳ್ಳಲು ಜಾಗವೂ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ. ಲಾರಿ ಬಂದು ನಿಂತರೆ ಹಸಿ ಬ್ಲಾಕೇ ಹೊರಡುವುದುಂಟು. ಇಲ್ಲಿ ಯಂತ್ರದ ವೇಗವೇ ಯಂತ್ರದ ಶತ್ರುವಾಗುತ್ತದೆ. ಆದುದರಿಂದ ಕೊಳ್ಳುವವನು 'ಯಂತ್ರದ ಬ್ಲಾಕೋ?' ಎಂದು ಕೇಳಿದರೆ ಸಾಲದು, 'ಎಂದು ಮಾಡಿದುದು? ಎಷ್ಟು ದಿನ ನೀರು ಉಣಿಸಿದಿರಿ?' ಎಂದೂ ಕೇಳಬೇಕು.

ಕೂಲಿಯವನ ಪ್ರಶ್ನೆ

ಕೊನೆಯದಾಗಿ, ಯಂತ್ರವು ಹತ್ತು ಜನರ ಕೆಲಸವನ್ನು ಕಸಿದುಕೊಳ್ಳುವುದಿಲ್ಲವೆ ಎಂಬ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕಕೂಡದು. ಗಾಂಧೀಜಿಯವರು 1924ರಲ್ಲಿ 'ಯಂಗ್ ಇಂಡಿಯ' ಪತ್ರಿಕೆಯಲ್ಲಿ ಈ ವಿಚಾರವನ್ನು ಚರ್ಚಿಸುತ್ತಾ, ತಮ್ಮ ವಿರೋಧ ಯಂತ್ರಕ್ಕಲ್ಲ, ಯಂತ್ರದ ಹುಚ್ಚಿಗೆ ಎಂದು ಸ್ಪಷ್ಟಪಡಿಸಿದರು. ಸಿಂಗರ್ ಹೊಲಿಗೆ ಯಂತ್ರವನ್ನು ಒಪ್ಪಿಕೊಂಡರು. ದುಡಿಯುವವನ ಶ್ರಮವನ್ನು ಹಗುರ ಮಾಡುವ ಯಂತ್ರ ಬೇರೆ, ಕೆಲವರ ಲೋಭಕ್ಕಾಗಿ ಹಲವರ ಅನ್ನ ಕೀಳುವ ಯಂತ್ರ ಬೇರೆ ಎಂಬುದು ಅವರ ಅಭಿಪ್ರಾಯದ ಸಾರ.

ಈ ಒರೆಗಲ್ಲಿಗೆ ಬ್ಲಾಕಿನ ಯಂತ್ರವನ್ನು ಹಚ್ಚಿದರೆ ಉತ್ತರ ಎರಡೂ ಕಡೆ ವಾಲುತ್ತದೆ. ದಿನವಿಡೀ ದಮ್ಮಸು ಎತ್ತಿ ಕುಟ್ಟುವುದು ಯಾರೂ ತಮ್ಮ ಮಗನಿಗೆ ಬಯಸುವ ಕೆಲಸವಲ್ಲ. ಅದನ್ನು ಯಂತ್ರ ವಹಿಸಿಕೊಂಡರೆ ಒಳ್ಳೆಯದೇ. ಆದರೆ ಕಲಸುವ, ಸಾಗಿಸುವ, ನೀರುಣಿಸುವ ಕೆಲಸಗಳಿಗೆ ಜನ ಬೇಕೇ ಬೇಕು. ಆ ಜನರನ್ನು ಯಂತ್ರದ ಸದ್ದಿನಲ್ಲಿ, ಕಲ್ಲುಪುಡಿಯ ಧೂಳಿನಲ್ಲಿ ಮುಖಕ್ಕೆ ಬಟ್ಟೆಯೂ ಇಲ್ಲದೆ ನಿಲ್ಲಿಸಿದರೆ ಶ್ರಮ ಹಗುರವಾದಂತಾಗಲಿಲ್ಲ. ರೂಪ ಬದಲಾಯಿಸಿತು, ಅಷ್ಟೆ.

ಯಂತ್ರವೆಂದರೆ ದೊಡ್ಡ ಬಂಡವಾಳದ ವಿದ್ಯುತ್ ಯಂತ್ರವೇ ಆಗಬೇಕೆಂದಿಲ್ಲ. 1950ರ ದಶಕದಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ರೌಲ್ ರಾಮಿರೆಜ್ ಎಂಬ ಇಂಜಿನಿಯರು ಸನ್ನೆಗೋಲಿನಿಂದ ಒತ್ತುವ ಸಿನ್ವಾ-ರಾಮ್ ಎಂಬ ಕೈಯಂತ್ರವನ್ನು ನಿರ್ಮಿಸಿದನು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿಯೂ ಪ್ರೊ. ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಿಂದ ಒತ್ತಿದ ಬ್ಲಾಕುಗಳ ಮೇಲೆ ಬಹುಕಾಲ ಕೆಲಸ ಮಾಡಿದರು. ಇವು ಕಾಂಕ್ರೀಟು ಬ್ಲಾಕುಗಳಲ್ಲ; ಆದರೆ ಸಮನಾದ ಒತ್ತಡ, ಸಮನಾದ ಅಳತೆ ಎಂಬ ಯಂತ್ರದ ಗುಣ ಅವುಗಳಲ್ಲಿಯೂ ಇದೆ. ನಗರದ ಮಹಡಿ ಕಟ್ಟಡಗಳಿಗೆ ಕಂಪನದ ಯಂತ್ರ ತಕ್ಕದ್ದು. ಒಂದೆರಡು ಸಾವಿರ ಬ್ಲಾಕಿನಲ್ಲಿ ಮುಗಿಯುವ ಹಳ್ಳಿಯ ಮನೆಗೆ ನಾಲ್ಕಾರು ಮಂದಿಗೆ ಕೂಲಿಯನ್ನೂ ಒದಗಿಸುವ ಕೈಯಂತ್ರ ತಕ್ಕದ್ದು. ಎರಡನ್ನೂ ತಮ್ಮ ತಮ್ಮ ಜಾಗದಲ್ಲಿಡುವುದು ವಿವೇಕ.

ಯಂತ್ರವು ನಮಗೆ ಕೊಡುವ ನಿಜವಾದ ಕಾಣಿಕೆ ವೇಗವಲ್ಲ, ನಂಬಿಕೆ. ಸಾವಿರದ ಬ್ಲಾಕು ಮೊದಲನೆಯದರಂತೆಯೇ ಇರುವುದೆಂಬ ಆ ನಂಬಿಕೆಯ ಮೇಲೆಯೇ ಬಡವನು ತನ್ನ ಒಂದೇ ಒಂದು ಮನೆಯನ್ನು ಕಟ್ಟುತ್ತಾನೆ. ಆದರೆ ಆ ನಂಬಿಕೆಯನ್ನು ಉಳಿಸುವುದು ಯಂತ್ರದ ಕೈಯಲ್ಲಿಲ್ಲ. ಮಿಶ್ರಣವನ್ನು ಅಳೆದು ಹಾಕುವ, ಹದಿನಾಲ್ಕು ದಿನ ತಪ್ಪದೆ ನೀರುಣಿಸುವ, ಹಸಿ ಬ್ಲಾಕನ್ನು ಲಾರಿಗೆ ಏರಿಸದಿರುವ ಮನುಷ್ಯನ ಕೈಯಲ್ಲಿದೆ.