ಇಸವಿ ಸರಿ, ಕಾರಣ ಎಲ್ಲಿ?

ಸಿಡ್ನಿಯಲ್ಲಿ ಹನ್ನೆರಡನೇ ತರಗತಿಗೆ ‘ಸ್ಟಡೀಸ್ ಆಫ್ ರಿಲಿಜನ್’ ಓದುವ ಕನ್ನಡದ ಮನೆಯ ಮಕ್ಕಳು, ಹಿಂದೂ ಧರ್ಮ ತಮಗೆ ಗೊತ್ತಿರುವುದೇ ಎಂದು ನಿಶ್ಚಿಂತರಾಗಬಾರದು. ಮದುವೆಯ ವಿಧಿಗಳನ್ನು ಸಾಲಾಗಿ ಬರೆದರೆ ಅದು ಬರೀ ವರ್ಣನೆ. ಸಪ್ತಪದಿಯ ಹಿಂದಿರುವ ನಂಬಿಕೆ ಯಾವುದು, ದಂಪತಿಗೂ ಸಮುದಾಯಕ್ಕೂ ಅದರ ಮಹತ್ವವೇನು ಎಂದು ಬಿಡಿಸಿ ಹೇಳಬೇಕು.

ಆಸ್ಟ್ರೇಲಿಯಾದ ಮೂಲನಿವಾಸಿಗಳ ‘ಡ್ರೀಮಿಂಗ್’ ಎಂಬ ಶ್ರದ್ಧೆಯ ಕುರಿತ ಭಾಗ ಇನ್ನೂ ಸೂಕ್ಷ್ಮ. ಅವರ ಭೂಹಕ್ಕಿಗೆ ಸಂಬಂಧಿಸಿದ 1992ರ ಮಾಬೊ ತೀರ್ಪು, 1993ರ ನೇಟಿವ್ ಟೈಟಲ್ ಕಾಯ್ದೆ, 1996ರ ವಿಕ್ ತೀರ್ಪು ಇವನ್ನು ಉರುಹೊಡೆದರೆ ಸಾಲದು. ನೆಲವೇ ಅವರ ಶ್ರದ್ಧೆಯ ನೆಲೆ. ಆದ್ದರಿಂದಲೇ ಭೂಹಕ್ಕಿನ ಹೋರಾಟ ಧಾರ್ಮಿಕವೂ ಹೌದು. ಉತ್ತರದ ಜೀವ ಅಲ್ಲಿದೆ.

ಈ ವಿಷಯದಲ್ಲಿ ಎರಡು ಯೂನಿಟ್ ತೆಗೆದುಕೊಂಡವರಿಗೆ ಲಿಖಿತ ಪರೀಕ್ಷೆ 3 ಗಂಟೆ, 100 ಅಂಕ. ಹಳೆಯ ಪ್ರಶ್ನೆಪತ್ರಿಕೆಗಳಿಗೆ ಗಡಿಯಾರ ಇಟ್ಟುಕೊಂಡು ಉತ್ತರ ಬರೆದು, ಶಿಕ್ಷಕರಿಂದ ತಿದ್ದಿಸಿಕೊಳ್ಳಲಿ.