ಕಬ್ಬಿನ ಗ್ಯಾಂಗಿಗೆ ನೆರೆಯವರಾಗುವುದು ಹೇಗೆ?

ಪ್ರಶ್ನೆ: ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗ್ ಅಫಜಲಪುರ ತಾಲೂಕಿನ ನಮ್ಮೂರಿಗೆ ಬಂದಿದೆ. ಗುಡಿಸಲುಗಳಲ್ಲಿ ಎಳೆ ಮಕ್ಕಳಿದ್ದಾರೆ. ಅವರಿಗೆ ನೆರವಾಗುವುದು ಕ್ರೈಸ್ತಳಾದ ನನ್ನ ಕರ್ತವ್ಯ. ಆದರೆ ಮತಾಂತರದ ಆರೋಪ ಬಂದೀತೆಂಬ ಅಳುಕಿದೆ.

ವಕೀಲರ ಉತ್ತರ: ಸಹೋದರಿ, ಪರದೇಶಿಯನ್ನು ಬರಮಾಡಿಕೊಳ್ಳಬೇಕೆಂಬುದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಬೋಧನೆ. ಧೈರ್ಯವಾಗಿ ಹೋಗಿ. ಆಮಿಷವೊಡ್ಡಿ ಮತಾಂತರಿಸುವುದನ್ನು ರಾಜ್ಯದ 2022ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ನೆರವಿಗೆ ಪ್ರಾರ್ಥನೆಯ ಷರತ್ತು ಬೇಡ. ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಜತೆಗೆ ಕರೆದೊಯ್ಯಿರಿ.

ಮೊದಲು ಪರಿಚಯ ಬೆಳೆಸಿ, ಏನು ಬೇಕೆಂದು ಅವರನ್ನೇ ಕೇಳಿ. ಗರ್ಭಿಣಿಯರು, ಆರು ವರ್ಷದೊಳಗಿನ ಮಕ್ಕಳ ಹೆಸರನ್ನು ಅಂಗನವಾಡಿಯಲ್ಲಿ ಬರೆಸಿ. 6ರಿಂದ 14 ವರ್ಷದವರಿಗೆ ಟಿ.ಸಿ. ಇಲ್ಲವೆಂದು ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಆಧಾರ್ ಜೋಡಿಸಿದ ಅವರ ರೇಷನ್ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ.

ಮುಂಗಡ ತೀರಿಲ್ಲವೆಂದು ಯಾರನ್ನಾದರೂ ಊರಿಗೆ ಹೋಗಲು ಬಿಡದಿದ್ದರೆ ಅದು ಜೀತ. 1976ರ ಕಾಯ್ದೆಯಡಿ ಅಪರಾಧ. ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನೊಂದಿಗೆ ನೀವು ಜಗಳಕ್ಕಿಳಿಯಬೇಡಿ. ತಕ್ಷಣ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ. ಮಗುವಿಗೆ ಅಪಾಯವಿದ್ದರೆ 1098, ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ನೆರೆಯ ಆಳಂದ, ಜೇವರ್ಗಿ ತಾಲೂಕುಗಳ ಕ್ರೈಸ್ತ ಸಭೆಗಳವರೂ ಇದೇ ದಾರಿ ಹಿಡಿಯಬಹುದು.